ಎಷ್ಟು ಚದರ ಬರುತ್ತೆ?

ಎರಡು ವರ್ಷದ ಹಿಂದೆ ದೀಪಾವಳಿ ಮುಗಿದ ಮೇಲೆ, ಹಿತ್ತಿಲಿನಲ್ಲಿ ಬ್ರೆಡ್ ಸುಡಲು ಒಂದು ಸೌದೆಯ ಒಲೆಯನ್ನು ಕಟ್ಟಿಸಬೇಕೆಂದು ಹೊರಟಾಗ, ನಾನು ಕಂಡ ಮೊದಲ ಮೂವರು ಮೇಸ್ತ್ರಿಗಳೂ ನನ್ನ ವಿವರಣೆಯನ್ನು ಅರ್ಧಕ್ಕೇ ತಡೆದು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಚದರ ಬರುತ್ತೆ, ಮೇಡಂ?" ಮನೆ ಕಟ್ಟಿಸಿದವರಿಗೆ ಈ ಪ್ರಶ್ನೆಯಲ್ಲಿ ವಿಶೇಷವೇನೂ ಕಾಣುವುದಿಲ್ಲ. ನನ್ನ ಒಲೆಯ ಒಳವ್ಯಾಸ 36 ಅಂಗುಲ. ನೆಲದ ಲೆಕ್ಕ ಹಿಡಿದರೆ ಏಳು ಚದರಡಿ, ಅಂದರೆ ನೂರು ಚದರಡಿಯ ಒಂದು ಚದರದ ಹದಿನಾಲ್ಕರಲ್ಲಿ ಒಂದು ಪಾಲು. ಆ ಉತ್ತರವನ್ನು ಕೇಳಿದ ತಕ್ಷಣ ಮೂವರ ಮುಖದಲ್ಲೂ ಆಸಕ್ತಿ ಇಳಿದುಹೋದದ್ದನ್ನು ನಾನು ಕಂಡೆ. ಒಬ್ಬರು "ನೋಡೋಣ, ಸೋಮವಾರ ಹುಡುಗರನ್ನು ಕಳಿಸ್ತೀನಿ" ಎಂದರು. ಆ ಸೋಮವಾರ ಇನ್ನೂ ಬಂದಿಲ್ಲ.

ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಗೋಡೆಗೆ ಇಷ್ಟು, ಪ್ಲಾಸ್ಟರಿಂಗ್‌ಗೆ ಇಷ್ಟು, ಟೈಲ್ಸ್‌ಗೆ ಇಷ್ಟು ಎಂದು ಚದರಡಿಯ ಮೇಲೆ ದರ ಕಟ್ಟಿ, ಅದರಲ್ಲಿ ಹತ್ತು ಜನರ ಬಟವಾಡೆಯನ್ನು ಶನಿವಾರ ಸಂಜೆಯೊಳಗೆ ಹೊಂದಿಸಬೇಕಾದವರು ಅವರು. ಆದರೂ ಆ ಪ್ರಶ್ನೆ ನನ್ನನ್ನು ಬಹುದಿನ ಕಾಡಿತು. ಒಳ್ಳೆಯ ಕೆಲಸಗಾರನನ್ನು ಹುಡುಕುವುದು ಎಂದರೆ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುವುದು, ಅವರು ಕಟ್ಟಿದ ಮನೆಗಳನ್ನು ನೋಡುವುದು, ದರ ಕೇಳುವುದು ಎಂದು ನಾನು ತಿಳಿದಿದ್ದೆ. ಬಾಗಿದ ಗೋಡೆಗೆ, ಅದೂ ಬೆಂಕಿ ತುಂಬಿಕೊಳ್ಳುವ ಗೋಡೆಗೆ, ಈ ವಿಧಾನದಿಂದ ಯಾರೂ ಸಿಗುವುದಿಲ್ಲ ಎಂಬುದು ಅರ್ಥವಾಗುವ ಹೊತ್ತಿಗೆ ನನ್ನ ಹಿತ್ತಿಲಿನಲ್ಲಿ ಒಂದು ಒಲೆ ಬಿರುಕು ಬಿಟ್ಟು ನಿಂತಿತ್ತು.

ಬೇಕರಿಯ ಹಿಂಬಾಗಿಲು

ಒಲೆಯ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಹೇಳುವುದು ಹಾಸನದ ಒಂದು ಬೇಕರಿಯ ಹಿಂಬಾಗಿಲಿನ ಕಥೆ. ಬೆಂಗಳೂರಿನ ಬೀದಿಬೀದಿಯಲ್ಲಿರುವ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆಯಲ್ಲಿದೆ ಎಂಬ ಹೆಮ್ಮೆ ಹಾಸನದವರಿಗೆಲ್ಲ ಇರುವಂತೆ ನನಗೂ ಇದೆ. ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಗಾಜಿನ ಪೆಟ್ಟಿಗೆಯ ಹಿಂದಿನ ಬೆಣ್ಣೆ ಬಿಸ್ಕತ್ತಲ್ಲ. ಅದರ ಹಿಂದಿನ ಕತ್ತಲೆಯ ಕೋಣೆ. ಹಬ್ಬದ ಹಿಂದಿನ ವಾರ ಅಮ್ಮ ಮೈದಾ, ಸಕ್ಕರೆ, ತುಪ್ಪವನ್ನು ಅಳೆದು ಡಬ್ಬಿಗಳಿಗೆ ತುಂಬಿ, ನನ್ನನ್ನೂ ಅಣ್ಣನನ್ನೂ ಬೇಕರಿಗೆ ಕಳಿಸುತ್ತಿದ್ದರು. ಬಿಸ್ಕತ್ತು ಮಾಡಿಸಿಕೊಂಡು ಬರಬೇಕು, ಮತ್ತು ನಮ್ಮ ತುಪ್ಪ ನಮ್ಮ ಬಿಸ್ಕತ್ತಿಗೇ ಬಿತ್ತೋ ಇಲ್ಲವೋ ಎಂದು ಅಲ್ಲೇ ನಿಂತು ನೋಡಬೇಕು ಎಂಬುದು ನಮಗೆ ವಹಿಸಿದ್ದ ಕೆಲಸ.

ಆ ಒಲೆ ಗೋಡೆಯೊಳಗೆ ಹುದುಗಿದ್ದ ಒಂದು ತಗ್ಗು ಗುಹೆಯಂತಿತ್ತು. ಒಳಗೇ ಸೌದೆ ಉರಿಸಿ, ನಸುಕಿನಲ್ಲಿ ಕೆಂಡವನ್ನು ಒಂದು ಮೂಲೆಗೆ ದಬ್ಬಿ, ಉದ್ದದ ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲವನ್ನು ಒರೆಸುತ್ತಿದ್ದರು. ಬೆಂಕಿ ಆರಿದ ಮೇಲೇ ಅಡುಗೆ ಶುರುವಾಗುವ ಒಲೆಯನ್ನು ನಾನು ನೋಡಿದ್ದು ಅದೇ ಮೊದಲು. ಮನೆಯ ಒಲೆಯಲ್ಲಿ ಬೆಂಕಿ ಇರುವಷ್ಟು ಹೊತ್ತು ಅಡುಗೆ; ಇಲ್ಲಿ ಇಟ್ಟಿಗೆಯೇ ಬೆಂಕಿಯನ್ನು ಕುಡಿದು ಇಟ್ಟುಕೊಂಡು ದಿನವಿಡೀ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತಿತ್ತು. ಮೊದಲ ಕಾವಿಗೆ ಬ್ರೆಡ್ಡು ಹೋಗುತ್ತಿತ್ತು, ಕಾವು ಸ್ವಲ್ಪ ಇಳಿದ ಮೇಲೆ ಬನ್ನು, ಆಮೇಲೆ ಬಿಸ್ಕತ್ತು, ಕೊನೆಗೆ ಆರುತ್ತಿರುವ ಒಲೆಯಲ್ಲಿ ರಾತ್ರಿಯೆಲ್ಲ ಒಣಗಲು ರಸ್ಕು. ಭಟ್ಟಿಯ ಮುಂದೆ ನಿಲ್ಲುತ್ತಿದ್ದ ಮನುಷ್ಯ ಒಂದು ಚಿಟಿಕೆ ಮೈದಾವನ್ನು ಒಳಗೆ ಚೆಲ್ಲಿ, ಅದು ಕಪ್ಪಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತಿದ್ದರು. ಬಿಸ್ಕತ್ತಿನ ಹೊತ್ತಿಗೆ ಅದೂ ಇಲ್ಲ, ಬರಿಗೈಯನ್ನು ಬಾಯಿಯೊಳಗೆ ಚಾಚಿ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದರು. ಎಷ್ಟರವರೆಗೆ ಎಣಿಸುತ್ತಾರೆ ಎಂದು ನಾವಿಬ್ಬರೂ ಎಷ್ಟೋ ಸಲ ತುಟಿಯನ್ನೇ ನೋಡಿ ಪತ್ತೆ ಮಾಡಲು ಪ್ರಯತ್ನಿಸಿದ್ದೇವೆ. ಅಣ್ಣ ಈಗಲೂ ಹನ್ನೆರಡು ಎನ್ನುತ್ತಾನೆ, ನಾನು ಇಪ್ಪತ್ತು ಎನ್ನುತ್ತೇನೆ.

ಆ ಬೇಕರಿಯಲ್ಲಿ ಈಗ ಡೀಸೆಲ್ ಓವನ್ ಇದೆ. ಹಳೆಯ ಒಲೆಯ ಬಾಯಿಯನ್ನು ಇಟ್ಟಿಗೆಯಿಂದ ಮುಚ್ಚಿ ಅದರ ಮುಂದೆ ಫ್ರಿಜ್ ಇಟ್ಟಿದ್ದಾರೆ. ಅದನ್ನು ಕಟ್ಟಿದವರು ಯಾರೆಂದು ವಿಚಾರಿಸಿದಾಗ ಈಗಿನ ಯಜಮಾನರಿಗೆ ತಿಳಿದಿರಲಿಲ್ಲ. ಅವರ ತಾತ ಬೇಕರಿಯನ್ನು ಕೊಂಡಾಗಲೇ ಒಲೆ ಇತ್ತಂತೆ.

ಸಿಮೆಂಟಿನ ಒಲೆ

ಕೊನೆಗೆ ನಮ್ಮ ಬಡಾವಣೆಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಯುವ ಮೇಸ್ತ್ರಿ ಒಪ್ಪಿಕೊಂಡ. ಅವನ ಕೈ ಚೆನ್ನಾಗಿತ್ತು. ಅವನು ಕಟ್ಟಿದ ಗೋಡೆಗೆ ತೂಕದ ಗುಂಡು ಬಿಟ್ಟರೆ ದಾರ ಎಲ್ಲಿಯೂ ಮಿಸುಕುತ್ತಿರಲಿಲ್ಲ. ನಾನು ತೋರಿಸಿದ ಚಿತ್ರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿ, "ಇದೇನು ಮಹಾ, ಎರಡು ದಿನದ ಕೆಲಸ" ಎಂದ. ಎರಡೇ ದಿನದಲ್ಲಿ ಮುಗಿಸಿಯೂಬಿಟ್ಟ. ಸಾಮಾನ್ಯ ಇಟ್ಟಿಗೆ, ಒಂದಕ್ಕೆ ಆರರ ಸಿಮೆಂಟ್ ಮಾಲು, ಹೊರಗೆ ನುಣುಪಾದ ಪ್ಲಾಸ್ಟರಿಂಗ್. ನೋಡಲು ಚಿಕ್ಕ ಗುಡಿಯಂತೆ ಕಾಣುತ್ತಿತ್ತು. ಮೂರನೆಯ ಸಲ ಬೆಂಕಿ ಹಾಕಿದಾಗ ಒಳಗಿನಿಂದ 'ಟಪ್' ಎಂದು ಸದ್ದು ಬಂತು. ಮರುದಿನ ನೋಡಿದರೆ ಬಾಗಿಲಿನ ಮೇಲಿನಿಂದ ನೆತ್ತಿಯವರೆಗೆ ಬೆರಳು ತೂರುವಷ್ಟು ಬಿರುಕು. ಒಂದು ಮಳೆ ಬಿದ್ದ ಮೇಲೆ ಒಳಗಿನ ಸಂದುಗಳಿಂದ ಸಿಮೆಂಟು ಹಿಟ್ಟಿನಂತೆ ಉದುರತೊಡಗಿತು.

ಹೀಗಾಗಲು ಕಾರಣವೇನೆಂದು ಆಮೇಲೆ ಓದಿ ತಿಳಿದುಕೊಂಡೆ. ಸಿಮೆಂಟು ಗಟ್ಟಿಯಾಗುವುದು ನೀರನ್ನು ತನ್ನೊಳಗೆ ಕಟ್ಟಿಹಾಕಿಕೊಳ್ಳುವುದರಿಂದ. ಕಾವು 400ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಅದರೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆ ನೀರನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಒಲೆ ಆರಿದ ಮೇಲೆ ಆ ಸುಣ್ಣ ಗಾಳಿಯ ತೇವವನ್ನು ಹೀರಿ ಮತ್ತೆ ಉಬ್ಬುತ್ತದೆ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ? ಹೀಗೆ ಪ್ರತಿ ಬೆಂಕಿಗೂ ಕುಗ್ಗಿ, ಪ್ರತಿ ಮಳೆಗೂ ಉಬ್ಬಿ, ಸಂದು ತಾನೇ ಪುಡಿಯಾಗುತ್ತದೆ. ಗೋಡೆಗೆ ಇಪ್ಪತ್ತು ವರ್ಷ ಬಾಳುವ ಮಾಲು ಒಲೆಗೆ ಇಪ್ಪತ್ತು ದಿನವೂ ಬಾಳಲಿಲ್ಲ. ಆ ಹುಡುಗನಿಗೆ ಫೋನ್ ಮಾಡಿ ಇದನ್ನು ಹೇಳಿದಾಗ ಅವನು ಬೇಸರ ಮಾಡಿಕೊಳ್ಳದೆ, "ಸಿಮೆಂಟ್ ಜಾಸ್ತಿ ಹಾಕಬೇಕಿತ್ತು ಮೇಡಂ" ಎಂದ. ಅವನು ಕಲಿತ ಲೋಕದಲ್ಲಿ ಯಾವುದೇ ಬಿರುಕಿಗೆ ಇರುವ ಪರಿಹಾರ ಅದೊಂದೇ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನಾವು ಈಗಲೂ ಈ ಕಸುಬನ್ನು 'ಗಾರೆ ಕೆಲಸ' ಎಂದೇ ಕರೆಯುತ್ತೇವೆ. ಗಾರೆ ಎಂದರೆ ಸುಣ್ಣ ಮತ್ತು ಮರಳನ್ನು ಎತ್ತು ತಿರುಗಿಸುವ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ, ದಿನಗಟ್ಟಲೆ ಹದ ಮಾಡಿದ ಅಂಟು. ಇಟ್ಟಿಗೆಯ ಪುಡಿ ಸೇರಿಸಿದರೆ ಅದೇ ಸುರ್ಕಿ. ಕನ್ನಂಬಾಡಿ ಕಟ್ಟೆ ಅಷ್ಟು ನೀರನ್ನು ತಡೆದು ನಿಂತಿರುವುದು ಈ ಸುರ್ಕಿಯ ಗಾರೆಯ ಮೇಲೆ. ನಾನು ಕಂಡ ಮೂವರು ಮೇಸ್ತ್ರಿಗಳು ಮತ್ತು ಈ ಹುಡುಗ, ನಾಲ್ವರೂ ಗಾರೆ ಕೆಲಸದವರೇ. ನಾಲ್ವರಲ್ಲಿ ಒಬ್ಬರೂ ಗಾರೆಯನ್ನು ಕೈಯಿಂದ ಮುಟ್ಟಿದವರಲ್ಲ. ಕಸುಬಿನ ಹೆಸರು ಉಳಿದು, ಹೆಸರಿನೊಳಗಿನ ವಸ್ತು ಹೊರಟುಹೋಗಿದೆ. ಹಾಗಾಗಿ ಹೆಸರು ಹಿಡಿದು ಹುಡುಕಿದ ನನಗೆ ಬೇಕಾದವರು ಸಿಗದಿದ್ದರೆ ಅದರಲ್ಲಿ ಆಶ್ಚರ್ಯವೇನಿರಲಿಲ್ಲ.

ಹೊಗೆಯ ಜಾಡು

ನಾವಿರುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ. ಕಾರ್ತಿಕ ಕಳೆಯಿತೆಂದರೆ ಸುತ್ತಲಿನ ಮನೆಗಳಲ್ಲಿ ಅಡಿಕೆ ಸುಲಿಯುವ, ಬೇಯಿಸುವ ಗಡಿಬಿಡಿ. ಒಂದು ಸಂಜೆ ಪರಿಚಯದವರ ಮನೆಗೆ ಹೋಗಿದ್ದೆ. ಅವರ ಅಡಿಕೆ ಬೇಯಿಸುವ ಒಲೆಯ ಮುಂದೆ ಕುಳಿತು ಅರ್ಧ ಗಂಟೆ ಮಾತಾಡಿ ಎದ್ದ ಮೇಲೆ ನನಗೆ ಹೊಳೆಯಿತು: ಕಣ್ಣು ಉರಿದಿರಲಿಲ್ಲ. ದೊಡ್ಡ ಹಂಡೆ ಕುದಿಯುತ್ತಿತ್ತು, ಕೆಳಗೆ ಹಸಿ ಸೌದೆಯೂ ಇತ್ತು, ಆದರೆ ಮಾಡಿನ ಹೆಂಚು ಮಾತ್ರ ಕಪ್ಪಾಗಿರಲಿಲ್ಲ. ಹೊಗೆಯೆಲ್ಲ ಹಿಂದಿನ ಕೊಳವೆಯಲ್ಲಿ ನೇರವಾಗಿ ಮೇಲೆ ಹೋಗುತ್ತಿತ್ತು. "ಇದನ್ನು ಕಟ್ಟಿದವರು ಯಾರು?" ಎಂದು ಕೇಳಿದೆ. ಎರಡು ತಿಂಗಳಿನಿಂದ ನಾನು ಊರವರನ್ನೆಲ್ಲ ಕೇಳುತ್ತಿದ್ದದ್ದು 'ಒಳ್ಳೆಯ ಮೇಸ್ತ್ರಿ ಯಾರಿದ್ದಾರೆ' ಎಂದು. ಕೇಳಬೇಕಾಗಿದ್ದದ್ದು ಈ ಪ್ರಶ್ನೆ.

ಅವರು ಹೇಳಿದ ಮನೆ ಅಲ್ಲಿಂದ ಆರು ಮೈಲಿ. ಎಪ್ಪತ್ತು ದಾಟಿದ ಮನುಷ್ಯ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಕೆಲಸ ಬಿಟ್ಟು ಐದಾರು ವರ್ಷವಾಯಿತು ಎಂದರು. ನಾನು ಒಲೆಯ ವಿಷಯವನ್ನು ಹೇಳಿ, ಯಾವುದಕ್ಕೂ ಇರಲಿ ಎಂದು ಅಳತೆಯನ್ನೂ ಹೇಳಿದೆ. ಅಳತೆಯನ್ನು ಅವರು ಕೇಳಿಸಿಕೊಂಡಂತೆ ತೋರಲಿಲ್ಲ.

"ದಿನಾ ಉರಿಸ್ತೀರೋ, ವಾರಕ್ಕೊಂದು ಸಲವೋ?"

"ವಾರಕ್ಕೊಂದು ಸಲ."

"ಸೌದೆ ಎಂತದು?"

"ಅಕೇಶಿಯಾ ಇದೆ. ಅಡಿಕೆ ದಬ್ಬೆಯೂ ಇದೆ."

"ಮಳೆ ಯಾವ ಕಡೆಯಿಂದ ಹೊಡೀತದೆ ಅಲ್ಲಿ?"

ಈ ಮೂರು ಪ್ರಶ್ನೆಗಳನ್ನು ನಾನು ಆಮೇಲೆ ಅನೇಕ ಸಲ ಬಿಡಿಸಿ ನೋಡಿದ್ದೇನೆ. ದಿನವೂ ಉರಿಸುವ ಬೇಕರಿಯ ಒಲೆಗೆ ಗೋಡೆ ದಪ್ಪ ಇದ್ದಷ್ಟೂ ಲಾಭ, ಏಕೆಂದರೆ ಅದು ಎಂದೂ ಪೂರ್ತಿ ಆರುವುದೇ ಇಲ್ಲ. ವಾರಕ್ಕೊಮ್ಮೆ ಉರಿಸುವವರು ಅಷ್ಟು ದಪ್ಪದ ಗೋಡೆ ಕಟ್ಟಿದರೆ ಅರ್ಧ ದಿನದ ಸೌದೆ ಬರೀ ಇಟ್ಟಿಗೆಯನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಅಡಿಕೆ ದಬ್ಬೆ ಬೇಗ ಹೊತ್ತಿ ಬೇಗ ಆರುತ್ತದೆ, ಅಕೇಶಿಯಾ ಕೆಂಡವಾಗಿ ನಿಲ್ಲುತ್ತದೆ. ಮಳೆಯ ದಿಕ್ಕಿಗೆ ಬಾಗಿಲಿಟ್ಟರೆ ಜೂನ್ ತಿಂಗಳಿನಿಂದ ಒಲೆ ಕೊಳವಾಗುತ್ತದೆ. ಮೊದಲಿನ ಮೂವರು ಕೇಳಿದ್ದು ಒಲೆ ಎಷ್ಟು ದೊಡ್ಡದು ಎಂದು. ಇವರು ಕೇಳಿದ್ದು ಅದು ಹೇಗೆ ಬದುಕುತ್ತದೆ ಎಂದು.

ಅವರಿಗೆ ಈ ವಿದ್ಯೆ ಬಂದದ್ದು ಎರಡು ಕಡೆಯಿಂದ. ಅವರ ಅಣ್ಣ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಒಳಮೈಗೆ ಇಟ್ಟಿಗೆ ಕೂರಿಸುವ ತಂಡದಲ್ಲಿದ್ದರು. 1923ರಲ್ಲಿ ಶುರುವಾದ ಆ ಕಾರ್ಖಾನೆಯ ಊದುಕುಲುಮೆ ಮೊದಮೊದಲು ಮಲೆನಾಡಿನ ಕಾಡಿನ ಇದ್ದಿಲಿನಲ್ಲೇ ಉರಿದದ್ದು. ಆ ಕಾಡು ಎಲ್ಲಿ ಹೋಯಿತು ಎಂಬುದು ಬೇರೆಯೇ ಲೇಖನದ ವಿಷಯ. ಎರಡನೆಯದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಎಂಬ ವಿಭಾಗ ರೂಪಿಸಿದ ಆ ಹೊಗೆಯಿಲ್ಲದ ಒಲೆಯನ್ನು ನಮ್ಮ ವಯಸ್ಸಿನವರು ಹಳ್ಳಿಯ ಅಡುಗೆಮನೆಗಳಲ್ಲಿ ನೋಡಿಯೇ ಇರುತ್ತೀರಿ: ಕೆಳಗೆ ಗಾಳಿಯಾಡಲು ಜಾಲರಿ, ಒಂದು ಉರಿಗೆ ಸಾಲಾಗಿ ಪಾತ್ರೆಗಳು, ಹಿಂದೆ ಹೊಗೆ ಕೊಳವೆ. ಎಂಬತ್ತರ ದಶಕದಲ್ಲಿ ಅದನ್ನು ಕಟ್ಟಲು ತರಬೇತಿ ಪಡೆದ ಹುಡುಗರಲ್ಲಿ ಇವರೂ ಒಬ್ಬರು. "ನೂರಾರು ಕಟ್ಟಿದೆ. ಅರ್ಧ ಇಂಚು ಆಚೀಚೆ ಆದ್ರೂ ಹೊಗೆ ವಾಪಸ್ ಅಡುಗೆಮನೆಗೇ. ಗೋಡೆ ಸೊಟ್ಟ ಆದ್ರೆ ಕಣ್ಣಿಗೆ ಕಾಣ್ತದೆ ಅಮ್ಮಾ, ಒಲೆ ಸೊಟ್ಟ ಆದ್ರೆ ಉರಿಸಿದ್ ಮೇಲೇ ಗೊತ್ತಾಗೋದು" ಎಂದರು. ಆ ಒಲೆಗಳಲ್ಲಿ ಹೆಚ್ಚಿನವನ್ನು ಗ್ಯಾಸ್ ಬಂದ ಮೇಲೆ ಒಡೆದು ಹಾಕಿದ್ದಾರೆ. ಕೆಲವು ಒಲೆಗಳ ಮೇಲೆಯೇ ಗ್ರಾನೈಟ್ ಹಾಸಿ ಸ್ಟೌ ಇಟ್ಟುಕೊಂಡದ್ದನ್ನು ಅವರು ನಗುತ್ತಲೇ ಹೇಳಿದರು.

ಬರಲು ಒಪ್ಪಿಸುವುದಕ್ಕೆ ನಾನು ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಅವರು ಹಾಕಿದ ಷರತ್ತು: ಹಳೆಯದನ್ನು ನಾನೇ ಒಡೆಸಿರಬೇಕು, ಅದರ ಒಂದು ಚೂರೂ ಅವರ ಕಣ್ಣಿಗೆ ಬೀಳಬಾರದು, ಮತ್ತು ಕೈಯಾಳು ಬೇರೆ ಬೇಡ, ನಾನೇ ಆಗಬೇಕು. ಕೊನೆಯದನ್ನು ಅವರು ಗೌರವದಿಂದ ಹೇಳಿದರೋ, ಕೀಟಲೆಯಿಂದ ಹೇಳಿದರೋ, ಇಂದಿಗೂ ನನಗೆ ಗೊತ್ತಾಗಿಲ್ಲ.

ಗೇಣು ಮತ್ತು ದಶಮಾಂಶ

ಬೆಂಕಿ ಇಟ್ಟಿಗೆಗಳು ಶಿವಮೊಗ್ಗದಲ್ಲೇ ಸಿಕ್ಕವು. ಇಲ್ಲಿ ಫೌಂಡ್ರಿಗಳಿರುವುದರಿಂದ ಅವುಗಳ ಸಾಮಾನು ಮಾರುವ ಅಂಗಡಿಗಳೂ ಇವೆ. ಗುಜರಿಯಲ್ಲಿ ಹಳೆಯವು ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಕರಗಿದ ಲೋಹ ಕುಡಿದ ಇಟ್ಟಿಗೆಯ ಮೇಲೆ ಬ್ರೆಡ್ ಇಡುವುದು ಬೇಡವೆಂದು ಹೊಸದನ್ನೇ ತಂದೆ. ಒಂಬತ್ತು, ನಾಲ್ಕೂವರೆ, ಮೂರು ಅಂಗುಲದ 140 ಇಟ್ಟಿಗೆಗಳು. ಒಂದೊಂದೂ ಮೂರೂವರೆ ಕಿಲೋ. ಕೈಯಾಳಾಗಿ ಅವನ್ನೆಲ್ಲ ಗೇಟಿನಿಂದ ಹಿತ್ತಿಲಿಗೆ ಹೊತ್ತ ಮೇಲೆ ಅರ್ಧ ಟನ್ ಎಂದರೇನು ಎಂಬುದು ನನ್ನ ಸೊಂಟಕ್ಕೆ ಅರ್ಥವಾಯಿತು.

ಕಟ್ಟೆಯ ಮೇಲೆ ಮೊದಲು ಖಾಲಿ ಬಾಟಲಿಗಳನ್ನು ಮಲಗಿಸಿ, ನಡುವೆ ಭತ್ತದ ಹೊಟ್ಟಿನ ಬೂದಿಯನ್ನು ತುಂಬಿ, ಅದರ ಮೇಲೆ ನೆಲದ ಇಟ್ಟಿಗೆ ಹಾಸಬೇಕು; ಒಳಗೆ ಸಿಕ್ಕಿಬಿದ್ದ ಗಾಳಿ ಕಾವನ್ನು ಕೆಳಗಿಳಿಯದಂತೆ ತಡೆಯುತ್ತದೆ. ಬಾಟಲಿಯ ಉಪಾಯ ನನ್ನದು, ಬೂದಿಯದು ಅವರದು. ಎಪ್ಪತ್ತು ಬಿಯರ್ ಬಾಟಲಿಗಳನ್ನು ಒಟ್ಟುಮಾಡಿದ ಆ ವಾರದಲ್ಲಿ ನಮ್ಮ ಮನೆಯ ಬಗ್ಗೆ ಬೀದಿಯಲ್ಲಿ ಏನೇನು ಮಾತು ನಡೆಯಿತೋ, ನನಗೆ ಬೇಡ.

ನಮ್ಮಿಬ್ಬರ ನಡುವೆ ನಿಜವಾದ ಜಗಳವಾದದ್ದು ಬಾಗಿಲಿನ ಎತ್ತರಕ್ಕೆ. ಒಲೆ ಕಟ್ಟುವವರ ಪುಸ್ತಕಗಳಲ್ಲೆಲ್ಲ ಒಂದು ಸೂತ್ರವಿದೆ: ಬಾಗಿಲಿನ ಎತ್ತರ ಗುಮ್ಮಟದ ಎತ್ತರದ ನೂರಕ್ಕೆ 63 ಇರಬೇಕು. ಒಲೆಗೆ ಬೇರೆ ಕಿಟಕಿಯಿಲ್ಲ. ತಂಪು ಗಾಳಿ ಬಾಗಿಲಿನ ಕೆಳಭಾಗದಲ್ಲಿ ಒಳನುಗ್ಗಿ, ಉರಿಯನ್ನು ದಾಟಿ, ಗುಮ್ಮಟದ ಒಳಮೈಯನ್ನು ಸವರಿಕೊಂಡು, ಅದೇ ಬಾಗಿಲಿನ ಮೇಲ್ಭಾಗದಿಂದ ಹೊಗೆಯಾಗಿ ಹೊರಬರುತ್ತದೆ. ಬಾಗಿಲು ಎತ್ತರವಾದರೆ ಕಾವು ಸೋರುತ್ತದೆ, ತಗ್ಗಾದರೆ ಬೆಂಕಿ ಉಸಿರುಗಟ್ಟುತ್ತದೆ. ನಮ್ಮ ಗುಮ್ಮಟ 18 ಅಂಗುಲ. ಸೂತ್ರದ ಪ್ರಕಾರ ಬಾಗಿಲು 11.3. ನಾನು ಕಾಗದ ಹಿಡಿದು ಇದನ್ನು ವಿವರಿಸುತ್ತಿದ್ದಾಗ ಅವರು ಇಟ್ಟಿಗೆಯ ಮೇಲೆ ಕೈ ಊರಿ, "ಒಂದು ಗೇಣು, ಮೂರು ಬೆರಳು" ಎಂದರು. ಟೇಪ್ ಹಿಡಿದು ನೋಡಿದೆ: ಹನ್ನೊಂದು ಅಂಗುಲ, ಒಂದು ನೂಲು ಹೆಚ್ಚು. ನಾನು 11.3ಕ್ಕೆ ಹಟ ಹಿಡಿದೆ, ಅವರು ಗೇಣಿಗೆ. ಆಮೇಲೆ ನೋಡಿದರೆ ನಾವು ಜಗಳವಾಡುತ್ತಿದ್ದದ್ದು ಒಂದು ಕಡ್ಡಿಯ ದಪ್ಪಕ್ಕೆ. ಸಂದಿನ ಮಣ್ಣು ಒಣಗಿ ಕುಗ್ಗುವುದೇ ಅದಕ್ಕಿಂತ ಹೆಚ್ಚು. ಅವರ ಗೇಣು ಸರಿಯಾದದ್ದು ಪವಾಡವೇನಲ್ಲ. ಹಂಡೆಯ ಒಲೆಗಳಿಗೆ ನಲವತ್ತು ವರ್ಷ ಬಾಯಿ ಇಟ್ಟ ಕೈಗೆ ಯಾವ ಒಲೆ ಹೊಗೆ ಕಾರಿತು, ಯಾವುದು ಕಾರಲಿಲ್ಲ ಎಂಬ ಲೆಕ್ಕವೆಲ್ಲ ಇಳಿದಿತ್ತು. ನನ್ನ ಸೂತ್ರವೂ ಇಂಥದೇ ಕೈಗಳಿಂದ ಎತ್ತಿಕೊಂಡದ್ದಿರಬೇಕು.

ಗುಮ್ಮಟಕ್ಕೆ ಸೆಂಟ್ರಿಂಗ್ ಬೇಡವೆಂದರು. ನೆಲದ ನಡುವೆ ಒಂದು ಮೊಳೆ ಹೊಡೆದು, ಅದಕ್ಕೆ 18 ಅಂಗುಲದ ಬಿದಿರ ಕೋಲನ್ನು ಸಡಿಲವಾಗಿ ಕಟ್ಟಿದರು. ಕೋಲು ಗಾಣದ ಎತ್ತಿನಂತೆ ಸುತ್ತಲೂ ತಿರುಗುತ್ತದೆ, ಮೇಲಕ್ಕೂ ಏಳುತ್ತದೆ. ಯಾವ ಇಟ್ಟಿಗೆಯ ಒಳಮುಖ ಕೋಲಿನ ತುದಿಗೆ ತಾಗುತ್ತದೋ ಅದು ಸರಿಯಾದ ಜಾಗದಲ್ಲಿದೆ. ಇಟ್ಟಿಗೆಗಳನ್ನು ಅರ್ಧಕ್ಕೆ ಒಡೆದು, ನೀರಿನಲ್ಲಿ ನೆನೆಸಿ ಕೊಡುವುದು ನನ್ನ ಕೆಲಸ. ಒಣ ಇಟ್ಟಿಗೆ ಮಾಲಿನ ನೀರನ್ನೆಲ್ಲ ಹೀರಿಕೊಂಡರೆ ಅಂಟು ಹಿಡಿಯುವುದಿಲ್ಲ. ಮಾಲು ಎಂದರೆ ಬೆಂಕಿ ಜೇಡಿ ಮತ್ತು ಜರಡಿ ಹಿಡಿದ ಇಟ್ಟಿಗೆ ಪುಡಿ, ಅಷ್ಟೇ. ಒಳಗಡೆ ಇಟ್ಟಿಗೆಗೆ ಇಟ್ಟಿಗೆ ತಾಗಲೇಬೇಕು, ಹೊರಗಡೆ ಅಗಲವಾಗುವ ಸಂದಿಗೆ ಇಟ್ಟಿಗೆಯ ಚೂರುಗಳನ್ನು ಬಡಿದು ಬಿಗಿಯಬೇಕು. ನಾನು ಒಮ್ಮೆ ಧಾರಾಳವಾಗಿ ಮಾಲು ಮೆತ್ತಿದ್ದನ್ನು ನೋಡಿ ಕರಣೆಯಿಂದ ಕೆರೆದು ತೆಗೆದು, "ಹೊರೆ ಹೊರೋದು ಇಟ್ಟಿಗೆ, ಮಣ್ಣಲ್ಲ" ಎಂದರು. ಒಂದು ಸುತ್ತು ಪೂರ್ತಿಯಾಗುವವರೆಗೆ ಪ್ರತಿ ಇಟ್ಟಿಗೆಯೂ ಒಳಗೆ ಜಾರಲು ತವಕಿಸುತ್ತದೆ. ಕೊನೆಯ ಇಟ್ಟಿಗೆ ಬಿಗಿಯಾಗಿ ಕುಳಿತ ಕ್ಷಣ ಇಡೀ ಬಳೆ ಒಂದನ್ನೊಂದು ಒತ್ತಿ ಹಿಡಿದು ನಿಲ್ಲುತ್ತದೆ. ಐದನೆಯ ಸುತ್ತು ಮುಗಿದಾಗ ಅವರು ಅದರ ಮೇಲೆ ಅಂಗೈ ಊರಿ ತಮ್ಮ ಭಾರವನ್ನೆಲ್ಲ ಬಿಟ್ಟು ನಿಂತರು. ನನ್ನ ಬಾಯಿಂದ ಒಂದು ಸಣ್ಣ ಕೂಗು ಹೊರಟಿತು. ಅವರು ಬೀಡಿ ಹಚ್ಚಿದರು.

ಕೊನೆಯ ಮೂರು ಸುತ್ತುಗಳಿಗೆ ಮಾತ್ರ ಒಳಗಿನಿಂದ ಆಸರೆ ಬೇಕಾಯಿತು. ಅಡಿಕೆ ಸಿಪ್ಪೆ ತುಂಬಿದ ಗೋಣಿಗಳನ್ನು ಬಾಗಿಲಿನಿಂದ ಒಳಗೆ ತುರುಕಿ, ಮೇಲೆ ಒದ್ದೆ ಮರಳನ್ನು ಗುಂಡಗೆ ತಟ್ಟಿ, ಅದರ ಮೇಲೆ ಇಟ್ಟಿಗೆ ಕೂರಿಸಿದೆವು. ನಡುವೆ ಅವರ ನೆಂಟರ ಕಡೆ ಸಾವಾಗಿ ನಾಲ್ಕು ದಿನ ಬರಲಿಲ್ಲ. ಒದ್ದೆ ಗೋಣಿ ಹೊದ್ದ, ನೆತ್ತಿಯಿಲ್ಲದ ಗುಮ್ಮಟವನ್ನು ನೋಡುತ್ತ ನಾನು ಆ ನಾಲ್ಕು ದಿನ ಕಳೆದದ್ದು ಹೇಗೆಂದು ಮನೆಯವರನ್ನು ಕೇಳಬೇಕು. ಬಂದ ಮೇಲೆ ಹೊರಮೈಗೆ ಹುತ್ತದ ಮಣ್ಣು ಮತ್ತು ಹುಲ್ಲಿನ ಒಂದು ಪದರ, ಅದರ ಮೇಲೆ ಬೂದಿ ಬೆರೆಸಿದ ಮಣ್ಣಿನ ದಪ್ಪ ಪದರ, ಎಲ್ಲಕ್ಕೂ ಹೊರಗೆ ಸುಣ್ಣದ ಗಾರೆ. ನಿಜವಾದ ಗಾರೆ, ಸುಣ್ಣವನ್ನು ಒಂದು ವಾರ ನೀರಿನಲ್ಲಿ ಕೊಳೆಹಾಕಿದವಳು ನಾನೇ. ಸಿಮೆಂಟಿನ ಪ್ಲಾಸ್ಟರ್‌ನಂತೆ ಅದು ಮುಚ್ಚಳ ಹಾಕುವುದಿಲ್ಲ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ನೀರು ಆವಿಯಾದಾಗ ಸಾವಿರದಾರುನೂರು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ದಾರಿ ಕೊಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ಅದಕ್ಕಾಗಿಯೇ ಮೂರು ವಾರ ನೆರಳಿನಲ್ಲಿ ಒಣಗಿಸಿ, ಆಮೇಲೆ ಏಳು ದಿನ ದಿನಕ್ಕಿಷ್ಟು ಎಂದು ಬೆಂಕಿ ಹೆಚ್ಚಿಸುವ ಅಪ್ಪಣೆಯಾಯಿತು. ಮೊದಲ ದಿನ ನಾಲ್ಕು ತೆಂಗಿನ ಗರಟೆ. ಐದನೆಯದನ್ನು ಹಾಕಿದರೆ ತಮಗೆ ಗೊತ್ತಾಗುತ್ತದೆ ಎಂದು ಎಚ್ಚರಿಸಿ ಹೋದರು.

ಏಳನೆಯ ದಿನ ಪೂರ್ತಿ ಬೆಂಕಿ ಹಾಕಿದೆ. ಮೊದಲ ಅರ್ಧ ಗಂಟೆಯಲ್ಲಿ ಗುಮ್ಮಟದ ಒಳಗೆಲ್ಲ ಕಪ್ಪು ಮಸಿ ಕವಿಯಿತು. ಒಂದು ಗಂಟೆಯ ಮೇಲೆ ನೆತ್ತಿಯ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಬಿಳಿಯ ಚುಕ್ಕೆ ಕಾಣಿಸಿಕೊಂಡು ಮೆಲ್ಲಗೆ ಹರಡತೊಡಗಿತು. ಮಸಿಯೇ ಉರಿದುಹೋಗಿ ಇಟ್ಟಿಗೆ ತನ್ನ ಬಣ್ಣಕ್ಕೆ ಮರಳುವ ಈ ಹಂತವನ್ನು ನಾನು ಓದಿ ತಿಳಿದಿದ್ದೆ, ಆದರೆ ಅದು ಸೂರ್ಯೋದಯದಷ್ಟು ನಿಧಾನವಾಗಿ ಇಳಿದು ಬರುತ್ತದೆಂದು ತಿಳಿದಿರಲಿಲ್ಲ.

ಕೂಲಿಯ ಲೆಕ್ಕ

ಒಟ್ಟು ಒಂಬತ್ತು ದಿನದ ಕೆಲಸ. ಅವರು ಕೇಳಿದ್ದು ದಿನಕ್ಕೆ ಸಾವಿರದ ಇನ್ನೂರು ರೂಪಾಯಿ, ಗೋಡೆಗೆ ಪ್ಲಾಸ್ಟರ್ ಮಾಡುವ ಮೇಸ್ತ್ರಿ ಕೇಳುವಷ್ಟೇ. ನಾನು ಹೆಚ್ಚು ಕೊಡಲು ಹೋದೆ, ತೆಗೆದುಕೊಂಡರು, ಬೇಡವೆಂದು ನಾಟಕವಾಡಲಿಲ್ಲ. ಆದರೆ ಎಷ್ಟು ಹೆಚ್ಚು ಕೊಡಬೇಕೆಂದು ನಿರ್ಧರಿಸಲು ನನಗೆ ಎರಡು ರಾತ್ರಿ ಹಿಡಿಯಿತು, ಮತ್ತು ಕೊಟ್ಟದ್ದು ಸರಿಯಾಗಿತ್ತೆಂಬ ನಂಬಿಕೆ ಈಗಲೂ ಇಲ್ಲ. ಚದರಡಿಯ ದರದಲ್ಲಿ ಸೇರದ ಕೆಲಸ ದಿನಗೂಲಿಯಲ್ಲೂ ಸೇರಲಿಲ್ಲ. ಮೊದಲಿನ ಹುಡುಗ ಎರಡು ದಿನಕ್ಕೆ ತೆಗೆದುಕೊಂಡ ಹಣ ಇದರ ನಾಲ್ಕನೆಯ ಒಂದು ಪಾಲು. ಹಾಗೆಂದು ಅವನು ಮೋಸಗಾರನಲ್ಲ. ಬೆಂಕಿಯ ಮುಂದೆ ಯಾರೂ ಅವನನ್ನು ನಿಲ್ಲಿಸಿರಲಿಲ್ಲ, ಅಷ್ಟೆ. ಅವನನ್ನೇ ಕರೆದು ಇವರ ಜೊತೆ ಬಿಡಬೇಕಿತ್ತು ಎಂಬುದು ನನಗೆ ಹೊಳೆದದ್ದು ಕೆಲಸ ಮುಗಿದ ಮೇಲೆ. ಕೈಯಾಳಾಗಿ ನಾನು ಕಲಿತ ವಿದ್ಯೆಯಿಂದ ಇನ್ನೊಂದು ಒಲೆ ಏಳುವುದಿಲ್ಲ. ಅವನು ಕಲಿತಿದ್ದರೆ ಹತ್ತು ಏಳುತ್ತಿದ್ದವು. ಇದನ್ನು ಹೇಳಿದಾಗ ಹಿರಿಯರು, "ಅವನಿಗೆ ಆ ಒಂಬತ್ತು ದಿನದ ಕೂಲಿ ಯಾರು ಕೊಡ್ತಿದ್ರು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿತ್ತು. ಆದರೆ ಅದನ್ನು ಒಂಬತ್ತು ದಿನದ ಹಿಂದೆ ಹೇಳಬೇಕಾಗಿತ್ತು.

ಒಲೆಯಲ್ಲಿ ದೋಷವೇ ಇಲ್ಲವೆಂದು ಹೇಳಲಾರೆ. ಸೆರಾಮಿಕ್ ಉಣ್ಣೆಯ ಹೊದಿಕೆ ಹಾಕೋಣವೆಂದು ನಾನು ಹೇಳಿದ್ದನ್ನು ಅವರು ಒಪ್ಪಲಿಲ್ಲ. ಗಾಜಿನ ಹತ್ತಿಯಂಥ ಅದನ್ನು ಮುಟ್ಟಲಾರೆ ಎಂದುಬಿಟ್ಟರು. ಹೀಗಾಗಿ ಬ್ರೆಡ್ಡು, ಬನ್ನು, ಬಿಸ್ಕತ್ತಿನವರೆಗೆ ಕಾವು ಚೆನ್ನಾಗಿ ನಿಲ್ಲುತ್ತದೆ, ಬೆಳಗಿನ ರಸ್ಕಿಗೆ ಸಾಲದೆ ಬರುತ್ತದೆ. ತುಂಡುಗಳು ಒಣಗುವ ಬದಲು ನೆನೆದ ರಟ್ಟಿನಂತಾಗುತ್ತವೆ. ಕೈಯನ್ನು ಒಳಗೆ ಚಾಚಿ ಎಣಿಸುವುದನ್ನು ನಾನೂ ಅಭ್ಯಾಸ ಮಾಡಿಕೊಂಡಿದ್ದೇನೆ. ಬಿಸ್ಕತ್ತಿಗೆ ಹದಿನಾರು ಸರಿಹೋಗುತ್ತಿದೆ. ಅಣ್ಣನಿಗೆ ಇನ್ನೂ ಹೇಳಿಲ್ಲ.

ಈ ವರ್ಷ ಮೃಗಶಿರ ಮಳೆ ಹಿಡಿದ ಎರಡನೆಯ ದಿನ ಬಾಗಿಲಿನ ಎಡಗಡೆ, ಸುಣ್ಣದ ಗಾರೆಯಲ್ಲಿ, ಕೂದಲೆಳೆಯಷ್ಟು ಒಂದು ಬಿರುಕು ಕಂಡಿತು. ಗಾಬರಿಯಾಗಿ ಫೋನ್ ಮಾಡಿದೆ. ಬಿರುಕು ಎಷ್ಟು ಉದ್ದವಿದೆ ಎಂದು ಅವರು ಕೇಳಲಿಲ್ಲ. "ಬೆಂಕಿ ಹಾಕಿದಾಗ ಅದರೊಳಗಿಂದ ಹೊಗೆ ಬರ್ತದೋ?" ಎಂದರು. ಇಲ್ಲವೆಂದೆ. "ಹಂಗಾದ್ರೆ ಅದು ಅಂಗಿ ಹರಿದದ್ದು, ಮೈಗೇನೂ ಆಗಿಲ್ಲ. ಸುಣ್ಣ ನೆನೆಹಾಕಿಡಿ, ಪುಷ್ಯ ಮಳೆ ಕಳೀಲಿ, ಬರ್ತೀನಿ" ಎಂದರು. ಸುಣ್ಣ ನೆನೆಹಾಕಿದ್ದೇನೆ. ಒಲೆಯ ಮೇಲೆ ನೀಲಿ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಮಿಕ್ಕ ಇಟ್ಟಿಗೆಗಳನ್ನು ಹೇರಿದ್ದೇನೆ. ಆಶ್ಲೇಷ ಶುರುವಾಗಿ ನಾಲ್ಕು ದಿನವಾಯಿತು. ಅವರ ಮೊಣಕಾಲು ಹೇಗಿದೆಯೆಂದು ಕೇಳಲು ನಿನ್ನೆ ಫೋನ್ ಮಾಡಿದರೆ ಮಗಳು ಎತ್ತಿ, ಅಪ್ಪ ಯಾರದೋ ಹಂಡೆ ಒಲೆ ನೋಡಲು ಹೋಗಿದ್ದಾರೆ ಎಂದಳು.